ಪಾಠಕ್ಕೆಷ್ಟು, ಮೇಷ್ಟ್ರಿಗೆಷ್ಟು

ಟೆನ್ನಿಸ್ ಮೇಷ್ಟ್ರು ಸಂಗನಬಸಪ್ಪನವರು ಬಾಯಿಬಿಟ್ಟು ಒಂದು ಅಂಕಿ ಹೇಳಿದ್ದರೆ ಚಂದ್ರಮೌಳಿಯ ಶನಿವಾರ ಸುಖವಾಗಿ ಕಳೆದುಹೋಗುತ್ತಿತ್ತು. ಅವರು ಹೇಳಲಿಲ್ಲ. ಗಂಟೆಗೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದಕ್ಕೆ ಮದುವೆಗೆ ಒಪ್ಪಿಗೆ ಕೇಳಿದಷ್ಟು ಸಂಕೋಚಪಟ್ಟು, "ನಾ ಏನ್ ಹೇಳ್ಲಿರಿ ಸರ್, ನಿಮಗ ತಿಳದಷ್ಟು ಕೊಡ್ರಿ," ಎಂದರು. ಬೆಲ್‌ವ್ಯೂ ಊರಿನ ಕ್ಲಬ್ಬೊಂದು ಕಲಿಸಲು ತಮ್ಮನ್ನು ಕರೆದಿದೆ, ಸಂಜೆಯೊಳಗೆ ಅವರಿಗೆ ಉತ್ತರ ಕೊಡಬೇಕು ಎಂಬುದನ್ನೂ ಅದೇ ಉಸಿರಿನಲ್ಲಿ ಸೇರಿಸಿದರು.

ಕಡಲಾಚೆಯ ರೆಂಟನ್ ಊರಿನ ಆ ಅಪಾರ್ಟ್‌ಮೆಂಟಿನಲ್ಲಿ ಎಂಟು ಕನ್ನಡದ ಮನೆಗಳು, ಮನೆಗೊಂದು ಮಗು, ಎಲ್ಲಕ್ಕೂ ಸೇರಿ ಒಂದೇ ಟೆನ್ನಿಸ್ ಕೋರ್ಟು. ಕಳೆದ ತಿಂಗಳು ಮೇಷ್ಟ್ರು ಸಿಕ್ಕು, ಸಂಬಳದ ಮಾತಿಲ್ಲದೆ ಕಲಿಸಲು ಶುರುಮಾಡುವವರೆಗೆ ಮಕ್ಕಳಿಗೆ ಚೆಂಡು ಎಸೆಯುತ್ತಿದ್ದವನು ಚಂದ್ರಮೌಳಿಯೇ. ಪುಟಿದ ಚೆಂಡು ಯಾಕೆ ಪಕ್ಕಕ್ಕೆ ತಿರುಗುತ್ತದೆ ಎಂಬ ಕುತೂಹಲಕ್ಕೆ ಒಂದು ಬೆಳಿಗ್ಗೆ ಕೋರ್ಟಿಗೆ ಇಳಿದವನನ್ನು ಅಕ್ಕಪಕ್ಕದವರು ಎರಡು ವರ್ಷ ಮೇಲೆ ಬರಗೊಟ್ಟಿರಲಿಲ್ಲ. ಈಗ ಅವನ ಬಲಭುಜ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಮೇಷ್ಟ್ರು ಹೋದರೆ ಮತ್ತೆ ಆ ಜಾಗ ಅವನದೇ.

ವಿಮಾನದ ರೆಕ್ಕೆ ಎಷ್ಟು ನಡುಗಿದರೆ ಅಪಾಯ ಎಂದು ಅಳೆಯುವುದು ಅವನ ಉದ್ಯೋಗ. ಇರುವುದನ್ನೆಲ್ಲ ಅಳೆಯಬಹುದು, ಅಳೆಯುವ ಬಗೆ ಗೊತ್ತಿರಬೇಕು ಅಷ್ಟೆ ಎಂದು ಅವನ ನಂಬಿಕೆ. ಮೇಷ್ಟ್ರ ಕಡೆಯಿಂದ ಅಂಕಿ ಬಾರದಿದ್ದರೆ ಕೊಡುವವರ ಕಡೆಯಿಂದ ಹೊರಡೋಣ ಎಂದು ಅವನು ಮೊದಲು ಕೆಳಗಿನ ಮನೆಯ ಗುರುಪ್ರಸಾದನ ಬಾಗಿಲು ತಟ್ಟಿದ. ಸೌತ್ ಲೇಕ್ ಯೂನಿಯನ್ ಬಡಾವಣೆಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಗುರುಪ್ರಸಾದ ಬಲು ನಾಜೂಕಿನ ಮನುಷ್ಯ.

"ಬೇರೆಯವರು ಎಷ್ಟು ಅಂತಿದಾರೆ?" ಎಂದ ಅವನು.

"ಇನ್ನೂ ಯಾರನ್ನೂ ಕೇಳಿಲ್ಲ. ನೀವೇ ಮೊದಲು."

"ಛೆ, ನಾವೇ ಮೊದಲು ಹೇಳೋದು ಚೆನ್ನಾಗಿರಲ್ಲ. ಎಲ್ಲರೂ ಎಷ್ಟು ಕೊಡ್ತಾರೋ ನಮ್ದೂ ಅಷ್ಟು ಬರ್ಕೊಳ್ಳಿ."

ಎದುರು ಮನೆಯ ಅಭಿಲಾಷನೂ ಅದನ್ನೇ ಹೇಳಿದ. ಮೂರನೇ ಮಹಡಿಯ ಮೇಘನಾ ಅದನ್ನೇ ಹೇಳಿ ಕೈಗೊಂದು ಡಬ್ಬಿ ಚಟ್ನಿಪುಡಿ ಕೊಟ್ಟು ಕಳಿಸಿದಳು. ಎಲ್ಲ ಮನೆ ಸುತ್ತಿ ಬರುವಷ್ಟರಲ್ಲಿ ಅವನಿಗೆ ವಿಚಿತ್ರವೊಂದು ಹೊಳೆಯಿತು. ಪ್ರತಿಯೊಬ್ಬರ ಉತ್ತರವೂ ಇನ್ನೊಬ್ಬರ ಹೆಗಲೇರಿ ಕುಳಿತಿತ್ತು. ಎಲ್ಲರಿಗಿಂತ ಕೆಳಗೆ ನೆಲದ ಮೇಲೆ ನಿಂತವರು ಯಾರೆಂದು ಹುಡುಕಿದರೆ ಅವರು ಎಲ್ಲರಿಗಿಂತ ಮೇಲಿನವರ ಹೆಗಲ ಮೇಲಿದ್ದರು.

ಮನೆಗೆ ಬಂದು ಈ ಸೋಜಿಗವನ್ನು ವಿವರಿಸಿದಾಗ ಹೆಂಡತಿ ವಿಶಾಲಾಕ್ಷಿ ಬೀನ್ಸ್ ಹೆಚ್ಚುತ್ತಲೇ ಕೇಳಿಸಿಕೊಂಡಳು.

"ಸೀರೆ ಅಂಗಡೀಲಿ ರೇಟು ಕೇಳ್ತಾ ನಿಂತ್ರೆ ಆಗುತ್ತೇನ್ರೀ? ನಾವೇ ಒಂದೊಂದಾಗಿ ಹೇಳ್ತಾ ಹೋಗ್ಬೇಕು, ಅಂಗಡಿಯವನ ಮುಖ ನೋಡ್ತಾ ಇರ್ಬೇಕು. ಬಾಯಿ ಸುಳ್ಳು ಹೇಳುತ್ತೆ, ಮುಖ ಹೇಳಲ್ಲ."

ಇದು ಅವನಿಗೆ ತೀರ ಶಾಸ್ತ್ರೀಯವಾಗಿ ಕಂಡಿತು. ಮೇಷ್ಟ್ರ ಮುಖವೇ ಮಾಪಕ. ಅವನು ನೇರ ಕೋರ್ಟಿಗೆ ಹೋದ. ಸಂಗನಬಸಪ್ಪನವರು ನೆಟ್ ಬಿಗಿಯುತ್ತಿದ್ದರು. ಚಂದ್ರಮೌಳಿ ಎದುರಿಗೆ ನಿಂತು, ಯಾವ ಪೀಠಿಕೆಯೂ ಇಲ್ಲದೆ ಇಪ್ಪತ್ತು ಡಾಲರಿನಿಂದ ಶುರುಮಾಡಿ ಐದೈದೇ ಏರಿಸುತ್ತ ಹೋದ. ಮೇಷ್ಟ್ರ ಮುಖ ಕೆರೆಯ ನೀರಿನಂತೆ ನಿಶ್ಚಲವಾಗಿತ್ತು. ನಲವತ್ತಕ್ಕೆ ಒಂದು ರೆಪ್ಪೆ ಮಿಟುಕಿತು. ಐವತ್ತಕ್ಕೆ ಕಣ್ಣಲ್ಲಿ ನೀರಾಡಿತು. ಐವತ್ತೈದು ಎನ್ನುತ್ತಿದ್ದಂತೆ ಹುಬ್ಬು ಮೇಲೇರಿ, ಮೂಗು ಅರಳಿ, ದಪ್ಪ ಮೀಸೆ ಹಾರಲು ಹೊರಟ ಹಕ್ಕಿಯಂತೆ ಅದುರಿತು. ಸಿಕ್ಕಿತು ಅಂಕಿ ಎಂದುಕೊಂಡ ಚಂದ್ರಮೌಳಿ.

ಮೇಷ್ಟ್ರು ಸೀನಿದರು. ಮೇ ತಿಂಗಳಿನಲ್ಲಿ ಅಲ್ಲಿನ ಮರಗಳು ಗಾಳಿಗೆ ಬಿಡುವ ಪರಾಗದ ಪುಡಿಗೆ ಯಾರ ಮೂಗೂ ಹೊರತಲ್ಲ.

ಚಂದ್ರಮೌಳಿ ವಿಜ್ಞಾನ ಓದಿದವನು. ಶಕುನಗಿಕುನ ನಂಬುವವನಲ್ಲ. ಆದರೂ ಒಳ್ಳೆಯ ಮಾತು ಆಡುವಾಗ ಒಂಟಿ ಸೀನು ಬಿದ್ದರೆ ಕೆಲಸ ಕೆಡುತ್ತದೆ, ಎರಡು ಬಿದ್ದರೆ ದೋಷವಿಲ್ಲ ಎಂದು ಅಜ್ಜಿ ಹೇಳುತ್ತಿದ್ದುದು ಅದ್ಯಾವ ಮೂಲೆಯಿಂದಲೋ ಎದ್ದು ಬಂತು. ಪ್ರಯೋಗವನ್ನು ಒಮ್ಮೆ ಪುನರಾವರ್ತಿಸುವುದು ವಿಜ್ಞಾನದ ಕ್ರಮವೇ ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅವನು ಇನ್ನೊಮ್ಮೆ ಮೆಲ್ಲಗೆ "ಐವತ್ತೈದು" ಎಂದು ಕಾದ. ಮೇಷ್ಟ್ರು ಇನ್ನೊಂದು ಸೀನಿದರು. ಅವನ ಜೀವ ತಣ್ಣಗಾಯಿತು. ಮೂಗೊರೆಸಿಕೊಳ್ಳುತ್ತಿದ್ದ ಮೇಷ್ಟ್ರಿಗೆ ಈ ಮನುಷ್ಯ ತಮ್ಮ ಕೈಯನ್ನೇಕೆ ಕುಲುಕುತ್ತಿದ್ದಾನೆಂದು ತಿಳಿಯಲಿಲ್ಲ.

ಸಂಜೆ ಗುರುಪ್ರಸಾದನ ಮನೆಯಲ್ಲಿ ಎಲ್ಲರೂ ಸೇರಿದರು. ಉಪ್ಪಿಟ್ಟು, ಕಾಫಿ ಆದ ಮೇಲೆ ಚಂದ್ರಮೌಳಿ ಎದ್ದುನಿಂತು ತನ್ನ ಸೂತ್ರವನ್ನು ಮಂಡಿಸಿದ. ಮೇಷ್ಟ್ರಿಗೆ ಗಂಟೆಗೆ ಐವತ್ತೈದು. ಕಲಿಸುವವರ ಒಟ್ಟು ಸಂಬಳವನ್ನು ಫೀಸು ಕೊಡುವ ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಪಾಠದ ಫೀಸು. ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆಯಿಲ್ಲ. ಯಾರೂ ಮೊದಲು ಅಂಕಿ ಹೇಳಬೇಕಾಗಿ ಬಾರದ್ದರಿಂದ ಎಲ್ಲರ ಮುಖವೂ ಅರಳಿತು. ಮೇಷ್ಟ್ರಂತೂ ಗೋಡೆ ನೋಡುತ್ತ ನಾಚಿ ಒಪ್ಪಿದರು. ಆದರೆ ಎಂಟು ಮಕ್ಕಳನ್ನು ತಾವೊಬ್ಬರೇ ಸಂಭಾಳಿಸುವುದು ಕಷ್ಟ, ಚೆಂಡು ಹೆಕ್ಕಿ ಕೊಡಲು ಒಬ್ಬ ಅಸಿಸ್ಟೆಂಟ್ ಬೇಕು ಎಂದರು. ಅಸಿಸ್ಟೆಂಟಿಗೆ ಗಂಟೆಗೆ ಹದಿನೈದು ಎಂದು ಸಭೆ ಉದಾರವಾಗಿ ಗೊತ್ತುಮಾಡಿತು.

ಮೇಘನಾಗೆ ಧರ್ಮಸೂಕ್ಷ್ಮವೊಂದು ನೆನಪಾಯಿತು. "ಅಸಿಸ್ಟೆಂಟ್ ಆದ್ರೂ ಕಲಿಸೋರೇ. ಕಲಿಸೋರ ಮಗು ಹತ್ರ ಫೀಸ್ ಇಸ್ಕೊಳ್ಳೋದು ಸರಿನಾ? ನಮ್ಮಲ್ಲಿ ಮೇಷ್ಟ್ರ ಮಕ್ಕಳಿಗೆ ಫೀಸ್ ಇರ್ತಿರ್ಲಿಲ್ಲಪ್ಪ." ಸರಿ ಸರಿ ಎಂದು ಎಲ್ಲರೂ ತಲೆಯಾಡಿಸಿದರು.

ಆಮೇಲೆ ಅಷ್ಟೊಂದು ಇಂಜಿನಿಯರುಗಳು ಒಟ್ಟಿಗೆ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದರು.

"ಕಾಲೇಜಲ್ಲಿ ನಾನು ಶಟಲ್ ಆಡ್ತಿದ್ದೆ," ಎಂದ ಗುರುಪ್ರಸಾದ, ಮೆಲ್ಲಗೆ.

ಟೇಬಲ್ ಟೆನ್ನಿಸಿಗೂ ಇದಕ್ಕೂ ಟೇಬಲ್ಲಿನ ವ್ಯತ್ಯಾಸವಷ್ಟೆ ಎಂದ ಅಭಿಲಾಷ. ಮೇಘನಾ ಥ್ರೋಬಾಲ್ ತಂಡದ ನಾಯಕಿಯಾಗಿದ್ದಳಂತೆ. ನೋಡನೋಡುತ್ತ ಏಳು ಮನೆಯವರೂ ಕೈ ಎತ್ತಿದರು. ಒಬ್ಬರು ಸಾಕಲ್ಲ ಎಂದು ಚಂದ್ರಮೌಳಿ ತೊದಲಿದ. ಯಾರನ್ನಾದರೂ ಬೇಡ ಎಂದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲವೆ ಎಂದ ಗುರುಪ್ರಸಾದ. ಸರಿ, ಏಳು ಜನರೂ ಇರಲಿ ಎಂದಾಯಿತು.

ಮೂಲೆಯಲ್ಲಿ ಕುಳಿತಿದ್ದ ಚಂದ್ರಮೌಳಿಯ ಮಗಳು ಗ್ರೀಷ್ಮಾ ತಲೆಯೆತ್ತಿದಳು. "ಅಪ್ಪಾ, ಸೋ ಐ ಆಮ್ ದಿ ಓನ್ಲಿ ಒನ್ ಪೇಯಿಂಗ್?"

ಚಂದ್ರಮೌಳಿ ಲೆಕ್ಕಕ್ಕಿಳಿದ. ಮೇಲೆ ಎಂಟು ಜನರ ಸಂಬಳ, ಕೆಳಗೆ ಒಂದು. ಆ ಒಂದು ಅವನು. ಗಾಬರಿಯಲ್ಲಿ ಅವನೂ ನೋಯುವ ಕೈಯನ್ನು ಎತ್ತಿದ.

"ನೀವೂ ಕೈ ಎತ್ತಿದ್ರ ಕೊಡೋರು ಯಾರ್ರಿ ಸರ್?" ಎಂದರು ಮೇಷ್ಟ್ರು.

ನಿಜ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಅವನು ಕೈ ಇಳಿಸಿದ. ಅಷ್ಟರಲ್ಲಿ ಮೇಷ್ಟ್ರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಬೆಲ್‌ವ್ಯೂ ಕ್ಲಬ್ಬಿನವರು. ಏನು ಹೇಳಲಿ ಎಂಬಂತೆ ಮೇಷ್ಟ್ರು ಫೋನನ್ನು ಹಿಡಿದೇ ಎಲ್ಲರ ಮುಖ ನೋಡಿದರು.

ದಾರಿ ಕಂಡವಳು ಮೇಘನಾ. ಎಲ್ಲರೂ ಕೈ ಇಳಿಸಿ ಸಮನಾಗಿ ಫೀಸು ಕೊಡೋಣ. ಅಸಿಸ್ಟೆಂಟ್ ಮಾತ್ರ ಯಾರಿಗೂ ಹೊಟ್ಟೆಕಿಚ್ಚಾಗದಂಥವರು ಆಗಿರಬೇಕು. ಸಂಬಳ ಮುಟ್ಟಬಾರದು, ಮಗುವಿನ ಫೀಸನ್ನೂ ಕೊಡಬೇಕು, ಕೆಲಸದ ಅನುಭವವೂ ಇರಬೇಕು. ಹದಿನಾಲ್ಕು ಕಣ್ಣುಗಳು ಚಂದ್ರಮೌಳಿಯತ್ತ ತಿರುಗಿದವು. ಫೋನ್ ಇನ್ನೂ ಹೊಡೆದುಕೊಳ್ಳುತ್ತಿತ್ತು.

"ಆಗಲಿ," ಎಂದ ಅವನು. ಮೇಷ್ಟ್ರು ಫೋನ್ ಆಫ್ ಮಾಡಿ ಜೇಬಿಗಿಟ್ಟರು.

ಮೇಷ್ಟ್ರನ್ನು ಬೀಳ್ಕೊಡಲು ಮೆಟ್ಟಿಲಿಳಿಯುವಾಗ ಚಂದ್ರಮೌಳಿ ಸೂತ್ರದಲ್ಲಿ ಎಲ್ಲಿ ತಪ್ಪಿತೆಂದು ಇನ್ನೊಮ್ಮೆ ಹುಡುಕಿದ. ಎಲ್ಲೂ ತಪ್ಪಿರಲಿಲ್ಲ. ಭಾಗಾಕಾರ ಸರಿಯಾಗಿಯೇ ಇತ್ತು. ಹಿಂದಿನಿಂದ ಸಂಗನಬಸಪ್ಪನವರು ಅವನ ಬಲಭುಜದ ಮೇಲೆ ಪ್ರೀತಿಯಿಂದ ಒಂದು ಏಟು ಕೊಟ್ಟರು.

"ಮುಂದಿನ ವಾರ ಅರ್ಧ ತಾಸು ಮೊದಲ ಬಂದು ಚೆಂಡು ಹೊಂದಿಸಿ ಇಡ್ರಿ ಸರ್. ತಡಾ ಮಾಡಬ್ಯಾಡ್ರಿ ಮತ್ತ. ಪಗಾರ ಹಿಡೀತೇನಿ ಅಂತ ಹೆದರಸಾಕೂ ಬರಂಗಿಲ್ಲ, ನಿಮಗ ಪಗಾರನ ಇಲ್ಲ."