ಮೇಲಿನ ಗೆರೆ ಯಾರದು?

ನಮ್ಮ ಆಫೀಸಿನಲ್ಲಿ ಅನ್ಯಾಯ ಆಗುವುದು ಹೊಸದೇನಲ್ಲ. ವಾರಕ್ಕೊಂದು ಇದ್ದೇ ಇರುತ್ತದೆ. ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ. ನನಗೆ ಮಾತ್ರ ಹಾಗೆ ನಗುವುದಕ್ಕೆ ಬರುವುದಿಲ್ಲ.

1. ಸಣ್ಣದೊಂದು

ಹೆಬ್ಬಾಳದ ನಮ್ಮ ಆಫೀಸಿನ ಗೋಡೆಯ ಮೇಲೆ ಬರ್ನಪ್ ಚಾರ್ಟ್ ಅಂತ ಒಂದಿದೆ. ಇರುವುದು ಎರಡೇ ಗೆರೆ. ಮೇಲಿನದು ಮಾಡಬೇಕಾದ ಒಟ್ಟು ಕೆಲಸ, ಕೆಳಗಿನದು ಮುಗಿದ ಕೆಲಸ. ಕೆಳಗಿನದು ಏರಿ ಏರಿ ಮೇಲಿನದನ್ನು ಮುಟ್ಟಿದರೆ ಪ್ರಾಜೆಕ್ಟ್ ಮುಗಿಯಿತು. ಪುಟ್ಟೇನಹಳ್ಳಿಯಲ್ಲಿ ಕಟ್ಟಿಸುತ್ತಿರುವ ಮನೆಯ ಗೃಹಪ್ರವೇಶಕ್ಕೆ ಐದು ದಿನ ರಜೆ ಕೇಳಿದೆ. ಮ್ಯಾನೇಜರ್ ಗೋಡೆ ತೋರಿಸಿದರು.

"ಎರಡೂ ಗೆರೆ ಸೇರಲಿ, ಆರಾಮಾಗಿ ಹೋಗ್ಬನ್ನಿ."

ಎರಡು ವಾರ ತಲೆ ಎತ್ತದೆ ದುಡಿದೆ. ಗೆರೆಗಳ ನಡುವೆ ಒಂದು ಬೆರಳಿನಷ್ಟು ಜಾಗ ಉಳಿದಿತ್ತು. ಸೋಮವಾರ ಬಂದು ನೋಡಿದರೆ ಮೇಲಿನ ಗೆರೆ ಗೇಣುದ್ದ ಮೇಲೆ ಹೋಗಿ ಕೂತಿದೆ!

"ಇದೇನ್ ಸಾರ್?"

"ಕ್ಲೈಂಟು ಸಣ್ಣದೊಂದು ಸೇರಿಸಿ ಅಂದ್ರು ಕಣ್ರೀ."

"ಸಣ್ಣದು ಅಂದ್ರೆ?"

"ಏನಿಲ್ಲ, ಆ್ಯಪು ಇನ್ನೂ ಎಂಟು ಭಾಷೇಲಿ ಬರ್ಬೇಕಂತೆ."

ಮೈಯೆಲ್ಲ ಉರಿದುಹೋಯಿತು. ಎಂಟೂ ಭಾಷೆಯಲ್ಲಿ ಬೈಯುವಷ್ಟು ಸಿಟ್ಟಿತ್ತು. ಬಾಯಿಂದ ಬಂದದ್ದು "ಆಯ್ತು ಸಾರ್" ಅಷ್ಟೇ.

2. ಶಹಭಾಸ್

ಅದೇ ವಾರ ಮುಂಬೈನಿಂದ ದೊಡ್ಡ ಸಾಹೇಬರು ಬಂದರು. ಚಾರ್ಟ್ ಮುಂದೆ ಕೈಕಟ್ಟಿ ನಿಂತರು. ಅದು ಏನು ಅಂತ ಅವರಿಗೆ ಗೊತ್ತಿಲ್ಲ, ಕೇಳುವುದಕ್ಕೆ ದೊಡ್ಡಸ್ತಿಕೆ ಅಡ್ಡ.

"ಮೇಲಿನ ಗೆರೆ ಎಷ್ಟು ಚೆನ್ನಾಗಿ ಏರಿದೆ! ಇದನ್ನ ನೋಡ್ಕೊಳ್ತಿರೋದು ಯಾರು?"

ಮ್ಯಾನೇಜರ್ ವಿನಯದಿಂದ ಕೈ ಎತ್ತಿದರು. ಎಲ್ಲರೂ ಚಪ್ಪಾಳೆ ಹೊಡೆದರು.

"ಕೆಳಗಿನದು ಯಾಕೆ ಹಿಂದೆ ಬಿದ್ದಿದೆ? ಅದು ಯಾರದು?"

ಚಪ್ಪಾಳೆ ಹೊಡೆದ ಅಷ್ಟೂ ಕೈಗಳು ನನ್ನ ಕಡೆ ತೋರಿಸಿದವು.

3. ಮೇಸ್ತ್ರಿಗೆ ಪಾಠ

ಆ ಸಿಟ್ಟನ್ನು ಹೊತ್ತುಕೊಂಡೇ ಭಾನುವಾರ ಹೆಂಡತಿಯ ಜೊತೆ ಪುಟ್ಟೇನಹಳ್ಳಿಗೆ ಹೋದೆ. ಮುಹೂರ್ತಕ್ಕೆ ಇನ್ನು ಮೂರೇ ವಾರ. ಮನೆ ನೋಡಿದರೆ ಬಾಗಿಲಿಲ್ಲ, ಬಣ್ಣವಿಲ್ಲ. ಮೇಸ್ತ್ರಿ ಹುಣಸಮಾರನಹಳ್ಳಿ ಕಡೆಯವನು, ವಯಸ್ಸಾದವನು, ಮಾತು ಕಡಿಮೆ. ಇವನಿಗೆ ಬುದ್ಧಿ ಕಲಿಸಲೇಬೇಕು ಅನ್ನಿಸಿ ನಡುಮನೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ಆ ಎರಡು ಗೆರೆ ಎಳೆದೆ.

"ನೋಡಪ್ಪ, ಮೇಲಿನದು ಒಟ್ಟು ಕೆಲಸ. ಕೆಳಗಿನದು ನೀನು ಮುಗಿಸಿರೋದು. ಎರಡೂ ಯಾಕೆ ಸೇರಿಲ್ಲ?"

ಅವನು ಕಿವಿಯ ಮೇಲಿದ್ದ ತನ್ನ ಪೆನ್ಸಿಲ್ ತೆಗೆದ. ನನ್ನ ನೆಟ್ಟಗಿನ ಮೇಲಿನ ಗೆರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತಿದ್ದತೊಡಗಿದ.

"ಇಲ್ಲಿ ತಾರಸಿ ಮ್ಯಾಲೆ ಒಂದು ರೂಮು ಏಳಿದ್ರಿ. ಇಲ್ಲಿ ಅಡುಗೆಮನೆ ಕಟ್ಟೆ ಒಡ್ಸಿದ್ರಿ. ಇಲ್ಲಿ ಕಿಟಕಿ ಎರಡಡಿ ಪಕ್ಕಕ್ಕೆ. ಇಲ್ಲಿ ಉಯ್ಯಾಲೆ ಅಂದ್ರಿ. ಓದ್ ವಾರ ಅಟ್ಟ. ಕೆಳಗಿನ ಗೆರೆ ನಂದು ಸಾರ್, ಅದು ಏರ್ತಾನೇ ಐತೆ. ಈ ಮೇಲಿಂದು ಯಾರ್ದು?"

ನನ್ನ ಹೆಂಡತಿ ನನ್ನ ಕಡೆ ಬೆರಳು ತೋರಿಸಿದಳು.

ಅವಮಾನ ಅಂದರೆ ಇದು. ನನ್ನದೇ ಮನೆಯಲ್ಲಿ, ನನ್ನದೇ ಚಾರ್ಟಿನಲ್ಲಿ! ಅಂದೇ ಸಂಜೆ ಪುರೋಹಿತರಿಗೆ ಫೋನ್ ಮಾಡಿ ಬೇರೆ ಮುಹೂರ್ತ ಕೇಳಿದೆ.

ಮೂರನೇ ದಿನ ಮ್ಯಾನೇಜರ್ ನಗುನಗುತ್ತಾ ನನ್ನ ಸೀಟಿಗೆ ಬಂದರು. ಎಂಟು ಭಾಷೆ ಬೇಡ ಅಂತ ಕ್ಲೈಂಟು ಹೇಳಿದನಂತೆ. ಮೇಲಿನ ಗೆರೆ ತಾನಾಗಿಯೇ ಇಳಿದು ಕೆಳಗಿನದಕ್ಕೆ ಅಂಟಿಕೊಂಡಿತ್ತು.

"ನಿಮ್ಮ ರಜೆ ಪಾಸಾಯ್ತು ಕಣ್ರೀ! ಮುಹೂರ್ತ ಇದೇ ತಿಂಗಳಲ್ವಾ?"

"ಇಲ್ಲ ಸಾರ್. ಮುಂದಕ್ಕೆ ಹೋಯ್ತು."

"ಅಯ್ಯೋ, ಯಾಕ್ರೀ?"

ತಲೆ ತಗ್ಗಿಸಿ ಹೇಳಿದೆ: "ಮನೆಗೆ ಸಣ್ಣದೊಂದು ಸೇರಿಸಿದ್ದೆ ಸಾರ್."