ಸಾಹೇಬರಿಗೆ ಐದು ಗಿಫ್ಟ್ ಕಾರ್ಡು

ನಮ್ಮ ಕಂಪನಿಯಲ್ಲಿ ಕಳೆದ ವಾರ ಹೊರಟ ಸುತ್ತೋಲೆಯಲ್ಲಿ ‘ತಮ್ಮ ಸ್ವಂತ ಅವಿವೇಕದಿಂದ ಹಣ ಕಳೆದುಕೊಂಡ ಹಿರಿಯ ನೌಕರರೊಬ್ಬರು’ ಎಂದು ಒಬ್ಬರ ಪ್ರಸ್ತಾಪ ಬರುತ್ತದೆ. ಆ ಹಿರಿಯ ನೌಕರ ನಾನು. ಸುತ್ತೋಲೆ ಬರೆದವನೂ ನಾನೇ. ‘ಅವಿವೇಕ’ ಎಂಬ ಪದ ಮಾತ್ರ ನನ್ನದಲ್ಲ. ನಾನು ‘ಅಚಾತುರ್ಯ’ ಎಂದು ಬರೆದಿದ್ದೆ. ಮೂರನೇ ಮಹಡಿಯಲ್ಲಿ ಹಸಿರು ಶಾಯಿಯಿಂದ ಅದನ್ನು ಹೊಡೆದುಹಾಕಿ ತಿದ್ದಿದರು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಬರವಣಿಗೆಗೆ ಬಿದ್ದ ಮೊದಲ ತಿದ್ದುಪಡಿ ಅದು.

ನಾವು ನೀರಿನ ಮೀಟರು ತಯಾರಿಸುವವರು. ನಾನು ನೆಲಮಹಡಿಯಲ್ಲಿ, ಟಪಾಲು ವಿಭಾಗದ ಹೆಡ್ ಕ್ಲರ್ಕು. ಸಾಹೇಬರು ಮೂರನೇ ಮಹಡಿಯಲ್ಲಿ. ಅವರೊಡನೆ ನಮ್ಮಲ್ಲಿ ಯಾರೂ ಮಾತಾಡುವ ಪದ್ಧತಿಯಿಲ್ಲ, ಫೋನು ಮಾಡುವುದಂತೂ ಇಲ್ಲವೇ ಇಲ್ಲ. ಏನಿದ್ದರೂ ಬರೆದು, ಫೈಲಿನಲ್ಲಿಟ್ಟು ಮೇಲೆ ಕಳಿಸಬೇಕು. ಸಂಜೆಯೊಳಗೆ ಮೂಲೆಯಲ್ಲೊಂದು ಹಸಿರು ಗೀಟು ಹೊತ್ತುಕೊಂಡು ಅದು ಕೆಳಗಿಳಿಯುತ್ತದೆ. ನಮ್ಮ ಕೋಣೆಯ ಫ್ಯಾನು ತಲೆಯ ಮೇಲೆ ಬೀಳುವ ಹಾಗಿದೆ ಎಂದು ನಾನೊಮ್ಮೆ ಬರೆದಿದ್ದೆ. ಅದಕ್ಕೂ ಗೀಟು ಬಂತು. (ಫ್ಯಾನು ಇನ್ನೂ ಬಿದ್ದಿಲ್ಲ.) ಸಾಹೇಬರ ಮುಖವನ್ನು ನಾನು ನೋಡಿರುವುದು ಗೋಡೆಯ ಫೋಟೋದಲ್ಲಿ. ಲಿಫ್ಟಿನಲ್ಲಿ ಒಂದು ಸಲ ಹಿಂದಲೆ ನೋಡಿದ್ದೇನೆ.

ಎರಡು ತಿಂಗಳ ಹಿಂದೆ, ಗಿಫ್ಟ್ ಕಾರ್ಡಿನ ಮೋಸಗಳು ಹೆಚ್ಚಾಗಿವೆ, ನೌಕರರನ್ನು ಎಚ್ಚರಿಸಿ ಒಂದು ಸುತ್ತೋಲೆ ಹೊರಡಿಸಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ನಾನು ಎರಡು ದಿನ ಕೂತು ಬರೆದೆ. ಅವಸರ ಮಾಡುವವನನ್ನು ನಂಬಬೇಡಿ, ಯಾರಿಗೂ ಹೇಳಬೇಡಿ ಎನ್ನುವವನನ್ನು ನಂಬಬೇಡಿ, ದೊಡ್ಡವರ ಹೆಸರು ಹೇಳಿ ಪ್ರಶ್ನೆಗೆ ಜಾಗವೇ ಕೊಡದವನನ್ನು ಸುತರಾಂ ನಂಬಬೇಡಿ. ಕಾರ್ಡಿನ ಬೆನ್ನ ಮೇಲಿನ ಪಟ್ಟಿ ಉಜ್ಜಿ ಆ ಗುಪ್ತ ಸಂಖ್ಯೆಯನ್ನು ಯಾರಿಗಾದರೂ ಕಳಿಸಿದಿರೋ, ಕೈಯಾರೆ ದುಡ್ಡು ಎತ್ತಿ ಕೊಟ್ಟಂತೆಯೇ ಸರಿ. ಆದ್ದರಿಂದ ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು, ಇತ್ಯಾದಿ. ಮನೆಯಲ್ಲಿ ಹೆಂಡತಿಗೂ ಮೂರು ಸಲ ಓದಿ ಹೇಳಿದೆ. ಅವಳು ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು. ಚೆನ್ನಾಗಿದೆ ಅಂದಳೇ ಹೊರತು ತಲೆಯೆತ್ತಿ ನೋಡಲಿಲ್ಲ. ಹೆಂಗಸರಿಗೆ ಇದೆಲ್ಲ ಎಲ್ಲಿ ತಲೆಗೆ ಹತ್ತಬೇಕು ಎಂದು ನಾನು ಸುಮ್ಮನಾದೆ.

ಹೆಂಡತಿಯ ಹಲ್ಲಿನ ವಿಷಯ ಇಲ್ಲಿ ಹೇಳಲೇಬೇಕು. ಎರಡು ವರ್ಷದ ಹಿಂದೆ ಕಿಟಕಿಯ ಪರದೆ ಬಿಚ್ಚಲು ಸ್ಟೂಲು ಹತ್ತಿದ್ದಳು. ಪರದೆಯ ಕೋಲು ಗೋಡೆಯಿಂದ ಕಿತ್ತು ಬಂದು, ಅದರ ಜೊತೆ ಅವಳೂ ಬಂದು, ಮುಂದಿನ ಎರಡು ಹಲ್ಲು ಹೋದವು. (ಆ ಕೋಲನ್ನು ಗೋಡೆಗೆ ಹೊಡೆದವರು ಯಾರು ಎಂದು ಕೇಳಬೇಡಿ. ಬಡಗಿಗೆ ದಂಡ ತೆರುವುದು ಯಾಕೆ ಎಂಬ ಯೋಚನೆ ಒಂದು ಭಾನುವಾರ ಬಂದದ್ದು ನನಗೇ.) ಅಂದಿನಿಂದ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದಳು. ನಾಲ್ಕು ಜನ ಸೇರುವ ಕಡೆ ಬರುವುದನ್ನೇ ಬಿಟ್ಟಳು. ಫೋಟೋ ತೆಗೆಯುವಾಗ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ನಗುವುದಂತೂ ನಿಂತೇ ಹೋಗಿತ್ತು. ಜಿಪ್ಪು ಬದಲಿಸಿ, ಅಂಚು ಮಡಿಸಿ, ಕಂಡವರ ಪ್ಯಾಂಟು ಗಿಡ್ಡ ಮಾಡಿ ಎರಡು ಹಲ್ಲಿಗಾಗುವಷ್ಟು ಕೂಡಿಹಾಕಿದ್ದಳು. ದಂತವೈದ್ಯೆ ಮಂಗಳವಾರ ಹತ್ತು ಗಂಟೆಗೆ ಬನ್ನಿ ಅಂದಿದ್ದರು.

ಆ ಮಂಗಳವಾರಕ್ಕೆ ಮೂರು ದಿನ ಮುಂಚೆ, ರಜೆಯ ಶನಿವಾರ ಬೆಳಿಗ್ಗೆ ನನ್ನ ಫೋನಿಗೊಂದು ಸಂದೇಶ ಬಂತು. ನಂಬರು ಹೊಸದು, ಫೋಟೋ ನಮ್ಮ ಸಾಹೇಬರದು, ಗೋಡೆಯ ಮೇಲಿರುವುದೇ. ಬಿಡುವಾಗಿದ್ದೀರಾ ಎಂದು ಕೇಳಿದ್ದರು. ನನ್ನನ್ನು! ನಾನು ಕೂತಿದ್ದವನು ಎದ್ದು ನಿಂತೆ. ತಾವು ಮೀಟಿಂಗಿನಲ್ಲಿರುವುದಾಗಿಯೂ, ಕರೆ ಮಾಡಬಾರದೆಂದೂ, ಉತ್ತಮ ಕೆಲಸಗಾರರಿಗೆ ಸೋಮವಾರ ಇದ್ದಕ್ಕಿದ್ದಂತೆ ಬಹುಮಾನ ಕೊಡಲು ಹತ್ತು ಗಿಫ್ಟ್ ಕಾರ್ಡು ತುರ್ತಾಗಿ ಬೇಕೆಂದೂ, ಸೋಮವಾರವೇ ಬಿಲ್ಲು ಪಾಸಾಗುವುದೆಂದೂ ಬರೆದಿದ್ದರು. ಆಮೇಲೆ ಬಂದ ಸಾಲು ನನಗೆ ಬಾಯಿಪಾಠವಾಗಿದೆ: ‘ನಿಮ್ಮ ಸುತ್ತೋಲೆ ಓದಿದೆ. ಈ ವಿಷಯದಲ್ಲಿ ನಿಮ್ಮೊಬ್ಬರನ್ನೇ ನಂಬಬಹುದು ಅನ್ನಿಸಿತು.’

ನಮ್ಮ ಸುತ್ತೋಲೆಗಳೆಲ್ಲ ಕಂಪನಿಯ ವೆಬ್‌ಸೈಟಿನಲ್ಲಿ, ಕೆಳಗೆ ನನ್ನ ಹೆಸರು, ಫೋನ್ ನಂಬರಿನ ಸಮೇತ ಬಿದ್ದಿರುತ್ತವೆ. ಊರಿನ ಯಾವ ಕಳ್ಳ ಬೇಕಾದರೂ ಓದಬಹುದು. ಇದು ಈಗ ಹೊಳೆಯುತ್ತದೆ. ಆಗ ಹೊಳೆದದ್ದು ಒಂದೇ: ಇಪ್ಪತ್ತೆರಡು ವರ್ಷ ಗೀಟು ಹಾಕಿದವರು ಒಂದು ದಿನವಾದರೂ ಓದಿದ್ದಾರೆ.

ಹಾಗಂತ ನಾನು ಕಣ್ಣು ಮುಚ್ಚಿ ಬಾವಿಗೆ ಹಾರಲಿಲ್ಲ. ಖಚಿತಪಡಿಸಿಕೊಳ್ಳತಕ್ಕದ್ದು ಎಂದು ನಾನೇ ಬರೆದಿದ್ದೆನಲ್ಲ, ಹಾಗೆಯೇ ನಡೆದುಕೊಂಡೆ. ಆದರೆ ಫೋನು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಅದೇ ನಂಬರಿಗೆ ಬರೆದೆ: ‘ಮಾನ್ಯರೇ, ಈ ಸಂದೇಶವು ತಮ್ಮಿಂದಲೇ ಬಂದಿರುವುದಾಗಿ ದೃಢೀಕರಿಸಬೇಕೆಂದು ವಿನಂತಿ.’ ಅರೆನಿಮಿಷದಲ್ಲಿ ಉತ್ತರ ಬಂತು: ‘ದೃಢೀಕರಿಸಿದೆ.’ ಅದರ ಪಕ್ಕದಲ್ಲಿ ಒಂದು ಹಸಿರು ಗುರುತೂ ಇತ್ತು. ಇನ್ನೇನು ಬೇಕು ಹೇಳಿ?

ತಿಂಗಳ ಕೊನೆ, ನನ್ನ ಕೈ ಖಾಲಿ. ಹೆಂಡತಿಯ ಬಳಿ ಹೋಗಿ, ಹಲ್ಲಿನ ದುಡ್ಡು ಸೋಮವಾರದ ತನಕ ಕೊಡು ಅಂದೆ. ಯಾಕೆ ಅಂದಳು.

“ಯಾಕೆ ಗೀಕೆ ಅಂತ ಕೇಳಬೇಡ. ಅರ್ಜೆಂಟು. ಮೇಲಿನವರ ಕೆಲಸ. ಯಾರ ಹತ್ರಾನೂ ಬಾಯಿ ಬಿಡಬೇಡ, ನಿನ್ನ ತಮ್ಮನ ಹತ್ರಾನೂ.”

“ಅವರಿಗೊಂದು ಫೋನ್ ಮಾಡಿ ಕೇಳಬಾರದಾ?”

“ಆಫೀಸಿನ ವಿಷಯ ನಿನಗೆ ಗೊತ್ತಾಗಲ್ಲ ಕಣೇ. ಬೇಗ ತಾ.”

ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು. ಒಳಗೆ ಹೋಗಿ ಒಂದು ಲಕೋಟೆ ತಂದುಕೊಟ್ಟಳು. ಕೇಳಿದ ತಕ್ಷಣ ಕೊಡುವ ಹೆಂಡತಿ ಎಷ್ಟು ಜನಕ್ಕಿದ್ದಾಳೆ ಎಂದು ನನಗೆ ಹೆಮ್ಮೆಯೇ ಆಯಿತು.

ಅಂಗಡಿಯ ಕ್ಯಾಷಿಯರ್ ಹುಡುಗಿ ಕಾರ್ಡು ಕೊಡುವ ಮುಂಚೆ, ಯಾರಾದರೂ ಫೋನಿನಲ್ಲಿ ಹೇಳಿ ಇವನ್ನು ಕೊಳ್ಳಿಸುತ್ತಿದ್ದಾರಾ ಸಾರ್ ಎಂದು ಮೆಲ್ಲಗೆ ಕೇಳಿದಳು. ಎಲ್ಲರನ್ನೂ ಕೇಳುವಂತೆ ಅವಳಿಗೆ ಹೇಳಿದ್ದಾರಂತೆ. ತಾಯೀ, ಈ ವಿಷಯದ ಮೇಲೆ ಸುತ್ತೋಲೆ ಬರೆದವನೇ ನಾನು ಎಂದು ಅವಳ ಬಾಯಿ ಮುಚ್ಚಿಸಿದೆ. ಪಾಪ, ಕ್ಷಮಿಸಿ ಅಂದಳು. ಕೈಲಿದ್ದ ಹಣಕ್ಕೆ ಐದೇ ಕಾರ್ಡು ಬಂದವು. ಹೊರಗಿನ ಕಟ್ಟೆಯ ಮೇಲೆ ಕೂತು ಬೀಗದ ಕೈಯಿಂದ ಐದನ್ನೂ ಉಜ್ಜಿ, ಸಂಖ್ಯೆಗಳ ಫೋಟೋ ತೆಗೆದು ಕಳಿಸಿದೆ. ಜೊತೆಗೆ, ಉಳಿದ ಐದನ್ನು ಪೂರೈಸಲಾಗದ್ದಕ್ಕೆ ವಿಷಾದಿಸುತ್ತೇನೆ ಎಂದೂ ಬರೆದೆ. ಹೌದು, ಕಳ್ಳನಿಗೆ ಕ್ಷಮಾಪಣೆ ಕೇಳಿದೆ. ಅವನು ದೊಡ್ಡ ಮನಸ್ಸು ಮಾಡಿ ಪರವಾಗಿಲ್ಲ ಅಂದ.

ಸೋಮವಾರ ಬೆಳಿಗ್ಗೆ ಬಿಲ್ಲನ್ನು ನೀಟಾಗಿ ಅಂಟಿಸಿ, ‘ತಮ್ಮ ಮೌಖಿಕವಲ್ಲದ ಆದೇಶದಂತೆ’ ಎಂದು ಟಿಪ್ಪಣಿ ಬರೆದು, ಕೆಳಗೆ ಹೆಸರು ಹಾಕಿ ಫೈಲು ಮೇಲೆ ಕಳಿಸಿದೆ. ಅವತ್ತು ಇಸ್ತ್ರಿ ಶರ್ಟು ಹಾಕಿದ್ದೆ. ಬಹುಮಾನಕ್ಕೆ ಕರೆದರೆ ಎಂದು. ಮಧ್ಯಾಹ್ನ ಫೈಲು ಇಳಿದು ಬಂತು. ಗೀಟು ಇರಲಿಲ್ಲ. ಹಸಿರು ಶಾಯಿಯಲ್ಲಿ ಎರಡು ಪ್ರಶ್ನೆಯಿದ್ದವು: ‘ಇದೇನು? ಯಾರು ಈತ?’

ಸಾಹೇಬರ ಕಾರ್ಯದರ್ಶಿ ಮೆಟ್ಟಿಲಿಳಿದು ಬಂದು, ಸಾಹೇಬರು ಶನಿವಾರ ಯಾರಿಗೂ ಏನೂ ಕಳಿಸಿಲ್ಲ, ಮನೆಯಲ್ಲಿ ಜ್ವರದಿಂದ ಮಲಗಿದ್ದರು ಎಂದು ಹೇಳಿಹೋದರು. ಕಾರ್ಡಿನ ಕಂಪನಿಗೆ ಫೋನು ಮಾಡಿದೆ. ಸಂಖ್ಯೆ ಕಳಿಸಿದ ಹನ್ನೊಂದು ನಿಮಿಷಕ್ಕೆ ಐದೂ ಕಾರ್ಡು ಬರಿದಾಗಿದ್ದವು. ಆಗಲೇ ಫೋನು ಮಾಡಿದ್ದರೆ ಒಂದೆರಡನ್ನು ತಡೆಹಿಡಿಯಬಹುದಿತ್ತು ಸಾರ್, ರಸೀದಿ ಜೋಪಾನವಾಗಿಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ ಅಂದರು. ಕೊಟ್ಟೆ. ಅವರೂ ಬರೆದುಕೊಂಡರು. ಸಂಜೆಗೆ ಮೇಲಿನಿಂದ, ಈ ಪ್ರಕರಣವನ್ನು ಉದಾಹರಿಸಿ ಹೊಸ ಸುತ್ತೋಲೆ ಬರೆಯತಕ್ಕದ್ದು ಎಂದು ಚೀಟಿ ಬಂತು. ನಿಜ ಹೇಳುತ್ತೇನೆ, ನನ್ನ ಹೊಟ್ಟೆ ಉರಿದದ್ದು ಮೋಸ ಮಾಡಿದವನ ಮೇಲಲ್ಲ. ಅವನು ನನ್ನ ಸುತ್ತೋಲೆಯನ್ನು ಕೊನೆಯವರೆಗೆ ಓದಿದ್ದ. ‘ಯಾರು ಈತ’ ಎಂದು ಕೇಳಿದವರು ಮೂರನೇ ಮಹಡಿಯವರು.

ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಸಿದೆ. ಬೆಳಗಾದರೆ ಮಂಗಳವಾರ. ಅಳುತ್ತಾಳೆ, ಇಲ್ಲವೇ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ ಎಂದು ಕಾದೆ. ಎರಡೂ ಮಾಡಲಿಲ್ಲ. ಕತ್ತರಿ ಕೆಳಗಿಟ್ಟು, ಒಳಗೆ ಹೋಗಿ ಇನ್ನೊಂದು ಲಕೋಟೆ ತಂದು ಮಡಿಲಲ್ಲಿಟ್ಟುಕೊಂಡು ಕೂತಳು. ಅದರಲ್ಲಿ ಒಂದು ಹಲ್ಲಿನ ದುಡ್ಡಿತ್ತು.

“ಇದ್ದದ್ದನ್ನೆಲ್ಲಾ ಅವತ್ತೇ ಕೊಟ್ಟೆ ಅಂತ ನಾನು...” ಎಂದು ತಡವರಿಸಿದೆ.

“ಅರ್ಜೆಂಟು ಅಂದ್ರಿ. ಯಾರಿಗೂ ಹೇಳಬೇಡ ಅಂದ್ರಿ. ದೊಡ್ಡವರ ಹೆಸರು ಹೇಳಿದ್ರಿ. ಯಾಕೆ ಅಂತ ಕೇಳಕ್ಕೂ ಬಿಡಲಿಲ್ಲ. ನೀವೇ ಮೂರು ಸಲ ಓದಿ ಹೇಳಿದ್ರಲ್ಲ, ಅಂಥವರನ್ನ ನಂಬಬೇಡಿ ಅಂತ. ನಾನು ನಂಬಲಿಲ್ಲ.”

ಇಡೀ ಕಂಪನಿಯಲ್ಲಿ, ಇಡೀ ಊರಿನಲ್ಲಿ ನನ್ನ ಸುತ್ತೋಲೆಯಂತೆ ನಡೆದುಕೊಂಡವಳು ಇವಳೊಬ್ಬಳೇ, ಅದೂ ನನ್ನ ಮೇಲೆಯೇ. ಅಷ್ಟು ಗೊತ್ತಿದ್ದವಳು ಅರ್ಧವನ್ನಾದರೂ ಯಾಕೆ ಕೊಟ್ಟೆ, ಪೂರ್ತಿ ಇಲ್ಲ ಅನ್ನಬಹುದಿತ್ತಲ್ಲ ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು, ನಾಚಿಕೆಗೇಡು.

“ಬೇರೆ ಯಾರಾದ್ರೂ ಬಂದು ಕೇಳಿದ್ರೆ ಎರಡು ಹಲ್ಲೂ ಉಳೀತಿತ್ತು,” ಅಂದಳು. “ಕೇಳಿದ್ದು ನೀವಾಗಿಬಿಟ್ರಿ.”

ಮರುದಿನ ದಂತವೈದ್ಯೆ ಒಂದು ಹಲ್ಲು ಕೂರಿಸಿದರು. ಚೆನ್ನಾಗಿ ಕೂತಿದೆ. ಈಗ ಅವಳು ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ, ನಾಲ್ಕು ಜನರ ನಡುವೆ ಬಂದು ಕೂರುತ್ತಾಳೆ, ಬಾಯಿ ತುಂಬ ನಗುತ್ತಾಳೆ. ಪಕ್ಕದಲ್ಲಿರುವ ಖಾಲಿ ಜಾಗ ನೋಡಿ, ಇನ್ನೊಂದು ಹಲ್ಲು ಎಲ್ಲಿ ಎಂದು ಯಾರಾದರೂ ಕೇಳಿದರೆ, ನನ್ನ ಕಡೆ ಕೈ ತೋರಿಸಿ, “ಇವರ ಸಾಹೇಬರ ಹತ್ರ ಇದೆ,” ಅನ್ನುತ್ತಾಳೆ.