ಜೂಬಲ್ ಟ್ಯಾಕೆಟ್‌ಗೆ ಓಟಿನ ಜ್ವರ

ಕೆಜಯಾ: ಏಳ್ರೀ ಮೇಲೆ! ಜ್ವರ ಬಂದೋರು ಗಂಜಿ ಸಾಕು ಅಂತಾರೆ. ನೀವು ಹಂದಿಮಾಂಸ ಮುಗಿಸಿ, ಬಾಣಲೆಯನ್ನೂ ಒರೆಸಿಕೊಂಡು ತಿಂದು, ಆಮೇಲೆ ಜ್ವರ ಅಂತ ಮಲಗಿದ್ದೀರಿ.

ಜೂಬಲ್: (ಕೌದಿಯೊಳಗಿಂದ) ತಿಂದ ಮೇಲೆ ಬಂತು ಕಣೆ.

ಕೆಜಯಾ: ನಿಮಗೆ ಬಂದಿರೋದು ಜ್ವರ ಅಲ್ಲ, ಓಟು. ಮೂರು ದಿನದ ಓಟಿಗೆ ಇವತ್ತು ಕಡೇ ದಿನ. ಮೊನ್ನೆ ಸೊಂಟ ಹಿಡೀತು ಅಂದ್ರಿ, ನಿನ್ನೆ ಅಟ್ಟ ಹತ್ತಿ ಹುಲ್ಲಿನೊಳಗೆ ಕೂತ್ರಿ. ಇವತ್ತು ಇದು.

ಆ ಕಾಲದಲ್ಲಿ ಕೆಂಟಕಿಯಲ್ಲಿ ಓಟು ಹಾಕುವುದೆಂದರೆ ಬಾಯಿಬಿಟ್ಟು ಹಾಕುವುದು. ಕೋರ್ಟಿನ ಮೆಟ್ಟಿಲ ಮೇಲೆ ಷರೀಫನ ಎದುರು ನಿಂತು, ತನ್ನ ಹೆಸರು ಇಂಥದ್ದು, ತನ್ನ ಓಟು ಇಂಥವರಿಗೆ ಎಂದು ಊರೆಲ್ಲ ಕೇಳುವಂತೆ ಕೂಗಬೇಕು. ಗುಟ್ಟಾಗಿ ಹೇಡಿಯಾಗುವ ಅನುಕೂಲ ಪಾಪ, ಆ ಪ್ರಜೆಗಳಿಗೆ ಇರಲಿಲ್ಲ. ಆ ಸಲ ದೇಶದ ಅಧ್ಯಕ್ಷ ಪದವಿಗೆ ಆಗಿನ ಅಧ್ಯಕ್ಷರ ಎದುರು ಸೇನೆಯ ಜನರಲ್ ಒಬ್ಬ ನಿಂತಿದ್ದ. ಹೊಳೆಯಲ್ಲಿ ದೋಣಿ ನಡೆಸುವ ಜೂಬಲ್ ಟ್ಯಾಕೆಟ್ ಬೇಸಿಗೆಯಿಡೀ ಜನರಲ್ ಕಡೆಯವರ ವಿಸ್ಕಿಯನ್ನೂ ಕುಡಿದಿದ್ದ, ಅಧ್ಯಕ್ಷರ ಕಡೆಯವರ ವಿಸ್ಕಿಯನ್ನೂ ಕುಡಿದಿದ್ದ. ಎರಡು ಕಡೆಯವರ ಮುಂದೆಯೂ ಎದೆ ಮುಟ್ಟಿಕೊಂಡು "ನನ್ನ ಓಟು ನಿಮಗೇ" ಎಂದಿದ್ದ. ಅವನ ಹೆಂಡತಿ ಕೆಜಯಾ ಓಟಿನ ಕಟ್ಟೆಯಲ್ಲಿ ಮಾರಲು ಶುಂಠಿ ರೊಟ್ಟಿ ಸುಟ್ಟು ಬುಟ್ಟಿಗೆ ತುಂಬುತ್ತಿದ್ದಳು. ಎರಡು ಕಡೆಯವರೂ ಅವಳಿಂದಲೇ ಕೊಂಡು ಜನಕ್ಕೆ ಹಂಚುತ್ತಿದ್ದರು. ಆದರೆ ಅವಳು ಕೊಟ್ಟದ್ದು ರೊಟ್ಟಿ ಮಾತ್ರ, ಮಾತಲ್ಲ.

ಜೂಬಲ್: ನಿನಗೆ ರಾಜಕೀಯ ಅರ್ಥ ಆಗಲ್ಲ. ದೋಣಿಯ ಗುತ್ತಿಗೆ ಬರೋ ತಿಂಗಳು ಮುಗಿಯುತ್ತೆ. ಮತ್ತೆ ಕೊಡಿಸಬೇಕಾದೋನು ಕರ್ನಲ್ ಪೋಗ್. ಅವನು ಜನರಲ್ ಕಡೆ. ದೋಣಿಗೆ ಹಿಟ್ಟಿನ ಪೀಪಾಯಿ ಹೇರೋನು ಗಿರಣಿ ಫೆದರ್‌ಸ್ಟನ್. ಅವನು ಅಧ್ಯಕ್ಷರ ಕಡೆ. ಜನರಲ್ ಅಂತ ಕೂಗಿದ್ರೆ ದೋಣಿ ಇರುತ್ತೆ, ಹೇರೋಕೆ ಪೀಪಾಯಿ ಇರಲ್ಲ. ಅಧ್ಯಕ್ಷ ಅಂತ ಕೂಗಿದ್ರೆ ಪೀಪಾಯಿ ಇರುತ್ತೆ, ದೋಣಿ ಇರಲ್ಲ.

ಕೆಜಯಾ: ಎರಡು ದೋಣಿ ಮೇಲೆ ಕಾಲಿಡಬೇಡಿ ಅಂತ ದೋಣಿಯೋರಿಗೆ ನಾನು ಹೇಳಿಕೊಡಬೇಕಾ?

ಜೂಬಲ್: ಅಲ್ವೇ, ಈ ಸಲ ಗೆಲ್ಲೋದು ಜನ! ಇನ್ಮೇಲೆ ನಾವೇ ದೊರೆಗಳು. ರೇಷ್ಮೆ ಕಾಲುಚೀಲದ ಸಾಹುಕಾರರ ಆಟ ನಡೆಯಲ್ಲ!

ಕೆಜಯಾ: ದೊರೆಗಳು ಕೌದಿಯಿಂದ ಮುಖ ಆಚೆ ಹಾಕಿ ಹೇಳಿದ್ರೆ ನಂಬಬಹುದಿತ್ತು.

ಹೊರಗೆ ಕುದುರೆ ನಿಂತ ಸದ್ದಾಯಿತು. ಜೂಬಲ್ ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡ. ಒಳಗೆ ಬಂದವನು ಕರ್ನಲ್ ಪೋಗ್. ಯುದ್ಧದ ಮುಖ ಕಂಡವನಲ್ಲ. ಆ ಸೀಮೆಯಲ್ಲಿ ಒಳ್ಳೆಯ ಕುದುರೆಯಿದ್ದವರೆಲ್ಲ ಕರ್ನಲ್‌ಗಳೇ. ಗುಲಾಮರಿಂದ ಹೊಗೆಸೊಪ್ಪು ಬೆಳೆಸಿ ಕೊಬ್ಬಿದ ಧಣಿ, ಓಟಿನ ಕಾಲಕ್ಕೆಂದು ಬಡವರ ಒರಟು ಅಂಗಿ ತೊಟ್ಟು, ಜನರಲ್‌ನ ಗುರುತಾದ ಹಿಕರಿ ಮರದ ಕಡ್ಡಿಯೊಂದನ್ನು ಟೋಪಿಗೆ ಸಿಕ್ಕಿಸಿಕೊಂಡಿದ್ದ.

ಕರ್ನಲ್: ಏನು ತಾಯೀ, ಮನೆಯೆಲ್ಲ ಘಮಘಮ! ಎಲ್ಲಿ ನಮ್ಮ ಪ್ರಜಾಪ್ರಭು?

ಕೆಜಯಾ: ಪ್ರಭುಗಳು ಪವಡಿಸಿದ್ದಾರೆ.

ಜೂಬಲ್: (ನರಳುತ್ತ) ಜ್ವರ, ಸಾಹೇಬ್ರೆ... ಕಾಲೆತ್ತೋಕೂ ಆಗ್ತಿಲ್ಲ.

ಕರ್ನಲ್: ಭೇಷ್!

ಜೂಬಲ್: ಆಂ?

ಕರ್ನಲ್: ಒಳ್ಳೇ ಕೆಲಸ ಆಯ್ತು. ಹಾಗೇ ಮಲಗಿರು. ಕತ್ತಲಾಗೋವರೆಗೂ ಏಳಬೇಡ.

ನರಳಾಟ ಥಟ್ಟನೆ ನಿಂತಿತು. ಕೌದಿಯಿಂದ ಎರಡು ಕಣ್ಣು ಹೊರಬಂದವು.

ಜೂಬಲ್: ನನ್ನ ಮೇಲೆ ಅನುಮಾನನಾ ಸಾಹೇಬ್ರೆ? ಫೆದರ್‌ಸ್ಟನ್ ಏನಾದ್ರೂ ಚಾಡಿ ಹೇಳಿದ್ನಾ?

ಕರ್ನಲ್: ಅನುಮಾನ ಏನಿಲ್ಲ ಮಾರಾಯ. ಮಲಕ್ಕೋ.

ಜೂಬಲ್: ನಾನು ನಿಮ್ಮೋನೇ! ಬರ್ತೀನಿ, ಈಗಲೇ ಬರ್ತೀನಿ! ಊರು ಅದುರೋ ಹಾಗೆ ಕೂಗ್ತೀನಿ!

ಅವನು ಕೌದಿಯನ್ನು ಒದ್ದು ಎದ್ದೇಬಿಟ್ಟ. ಬೂಟು ಕಳಚದೆ ಮಲಗಿದ್ದದ್ದು ಆಗ ಕೆಜಯಾಳ ಕಣ್ಣಿಗೆ ಬಿತ್ತು.

ಕರ್ನಲ್: ಬೇಡ್ವೋ! ಜ್ವರ ಏರುತ್ತೆ!

ಜೂಬಲ್: ಏರ್ಲಿ! ತೆವಳಿಕೊಂಡಾದ್ರೂ ಬರ್ತೀನಿ!

ಕರ್ನಲ್: ಕಾಲು ಮುರಿದಾದ್ರೂ ಮಲಗಿಸ್ತೀನಿ!

ಕೆಜಯಾ: ನಿಲ್ಲಿ ಸಾಹೇಬ್ರೆ. ಹೋದ ವಾರದವರೆಗೂ ಈ ಮನುಷ್ಯನ ಓಟಿಗೆ ಅಂತ ವಿಸ್ಕಿ ಸುರಿದ್ರಿ. ಈಗ ಅದೇ ಓಟು ಬೂಟು ಹಾಕಿಕೊಂಡು ಎದ್ದು ನಿಂತ್ರೆ ಹುಚ್ಚುನಾಯಿ ಕಂಡ ಹಾಗೆ ಹೆದರ್ತೀರಿ. ಏನು ಸಮಾಚಾರ?

ಕರ್ನಲ್ ಕೆಮ್ಮಿದ. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಮುರಿದ.

ಕರ್ನಲ್: ಅವನ ಓಟು ನಿನ್ನೆಯೇ ಬಿತ್ತು ತಾಯಿ.

ಕೆಜಯಾ: ನಿನ್ನೆ ಬೆಳಗಿಂದ ಬೈಗಿನವರೆಗೆ ಇವರು ಅಟ್ಟದಲ್ಲಿದ್ರು.

ಕರ್ನಲ್: ಅದಕ್ಕೇ ಮತ್ತೆ! ಇವನು ಬರದೇ ಇದ್ರೆ ಜನರ ದನಿ ಒಂದು ಕಮ್ಮಿ ಆಗಲ್ವೇ? ಹೊಳೆಯಾಚೆಯಿಂದ ಒಳ್ಳೇ ಗಂಟಲಿನೋನೊಬ್ಬನ್ನ ಕರೆಸಿದ್ವಿ. "ನಾನೇ ಜೂಬಲ್ ಟ್ಯಾಕೆಟ್, ನನ್ನ ಓಟು ಜನರಲ್‌ಗೆ" ಅಂತ ಏನು ಕೂಗಿದ ಅಂತೀರಿ! ಕೇಳಿದೋರ ಕಣ್ಣಲ್ಲಿ ನೀರು.

ಕೆಜಯಾ: ಷರೀಫರು ವಾರವಾರ ಇವರ ದೋಣೀಲೇ ದಾಟ್ತಾರೆ. ಅವರಿಗೆ ಮುಖ ಗೊತ್ತಾಗಲಿಲ್ವೇ?

ಕರ್ನಲ್: ಗೊತ್ತಾಗದೆ ಏನು? ಆದ್ರೆ ಬಂದೋನು ಬೈಬಲ್ ಮುಟ್ಟಿ ಪ್ರಮಾಣ ಮಾಡಿದ. ಪ್ರಮಾಣ ಮಾಡಿದ ಬಡವನನ್ನ ಮುಖ ನೋಡಿ ಅನುಮಾನಿಸೋದು ದೊಡ್ಡವರ ದರ್ಪ. ಅದೆಲ್ಲ ಇನ್ನು ನಡೆಯಲ್ಲ. ಇದು ಜನರ ಕಾಲ.

ಜೂಬಲ್ ಮಂಚದ ಅಂಚಿನಲ್ಲಿ ಕುಸಿದ. ಈಗ ಅವನಿಗೆ ನಿಜವಾಗಿಯೂ ಬೆವರು ಬಂದಿತ್ತು.

ಜೂಬಲ್: ಕೆಟ್ಟೆ! ಊರೆಲ್ಲ ಕೇಳಿದೆ. ಫೆದರ್‌ಸ್ಟನ್ ಪೀಪಾಯಿ ಹೋಯ್ತು ಕಣೆ, ಹೊಟ್ಟೆ ಮೇಲೆ ಹೊಡೆದ್ರಲ್ಲ!

ಕರ್ನಲ್: ಯಾಕೆ ಹೋಗುತ್ತೆ? ಅವನು ಮೊನ್ನೆಯೇ ನಿನ್ನ ಹೆಸರಲ್ಲಿ ಒಬ್ಬನ್ನ ನಿಲ್ಲಿಸಿ ಅಧ್ಯಕ್ಷರಿಗೆ ಕೂಗಿಸಿದ್ದಾನೆ. ನಿನ್ನೆ ನಮ್ಮೋನು ಕೂಗುವಾಗ ಮೆಟ್ಟಿಲ ಕೆಳಗೇ ನಿಂತಿದ್ದ, ತುಟಿ ಪಿಟಕ್ಕೆನ್ನಲಿಲ್ಲ. ಅವನು ಬಾಯಿಬಿಟ್ರೆ ನಾನೂ ಬಿಡ್ತೀನಲ್ಲ. ಸಂಜೆ ಇಬ್ಬರೂ ನಿನ್ನ ಹೆಸರು ಹೇಳಿಕೊಂಡೇ ಒಂದೊಂದು ಲೋಟ ಹಾಕಿದ್ವಿ.

ಜೂಬಲ್: ಹಾಗಾದ್ರೆ... ದೋಣಿ?

ಕರ್ನಲ್: ನಿನ್ನದೇ.

ಜೂಬಲ್: ಪೀಪಾಯಿ?

ಕರ್ನಲ್: ಅದೂ ಬರುತ್ತೆ. ಆದ್ರೆ ಇವತ್ತು ನೀನು ಕೋರ್ಟಿನ ಹತ್ರ ಮುಖ ತೋರಿಸಿದೆಯೋ, ಎರಡು ಸಲ ಓಟು ಹಾಕಿದ ಕಳ್ಳ ನೀನೇ ಆಗ್ತೀಯ. ಜೈಲು ನಮಗಲ್ಲಪ್ಪ, ನಿನಗೆ. ಹೆಸರು ನಿಂದು ತಾನೇ?

ಕರ್ನಲ್ ಇನ್ನೊಂದು ರೊಟ್ಟಿಯನ್ನು ಜೇಬಿಗಿಳಿಸಿ, ಕೆಜಯಾಳಿಗೊಂದು ಸಲಾಮು ಹೊಡೆದು ಹೊರಟುಹೋದ. ಜೂಬಲ್ ಇಂಗು ತಿಂದ ಮಂಗನಂತೆ ಕೂತಿದ್ದ. ದೋಣಿ ಉಳಿಯಿತೆಂದು ಕೆಜಯಾಗೆ ಸಮಾಧಾನವೇನೋ ಆಯಿತು. ಆದರೆ ಇಂಥ ಅಗ್ಗದ ದೊರೆತನಕ್ಕಾಗಿ ಈ ಗಂಡಸರು ಬೇಸಿಗೆಯಿಡೀ ಗಂಟಲು ಹರಿದುಕೊಂಡರಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಹೆಂಗಸಾದ ತನಗಂತೂ ಓಟೇ ಇಲ್ಲ. ಇದ್ದವರ ಪಾಡು ಇದು.

ತುಸು ಹೊತ್ತಿಗೆ ಜೂಬಲ್ ಮತ್ತೆ ಕೌದಿಯೊಳಗೆ ಸೇರಿಕೊಂಡ. ಬೆಚ್ಚಗಾದ ಮೇಲೆ ಧೈರ್ಯವೂ ಬಂತು.

ಜೂಬಲ್: ಆದ್ರೂ ನೋಡು, ಇಬ್ಬರಿಗೂ ಕೊಟ್ಟ ಮಾತು ಉಳಿಸಿಕೊಂಡೆ. ಜನರಲ್‌ಗೂ ಹಾಕಿದೆ, ಅಧ್ಯಕ್ಷರಿಗೂ ಹಾಕಿದೆ. ಈ ಸೀಮೆಯಲ್ಲಿ ಇಂಥ ಮಾತಿನೋನು ಇನ್ನೊಬ್ಬ ಇದ್ದಾನಾ?

ಕೆಜಯಾ ಶಾಲು ಹೊದ್ದು ಬುಟ್ಟಿಯನ್ನು ಸೊಂಟಕ್ಕೇರಿಸಿದಳು.

ಜೂಬಲ್: ಎಲ್ಲಿಗೆ ಹೊರಟೆ? ಕಾಯಿಲೆಯೋನನ್ನ ಬಿಟ್ಟು?

ಕೆಜಯಾ: ಕೋರ್ಟಿನ ಹತ್ರ. ಸಂಜೆಯೊಳಗೆ ಯಾರಿಗಾದ್ರೂ ಒಂದು ಓಟು ಕಮ್ಮಿ ಬಿದ್ರೆ ಜೂಬಲ್ ಟ್ಯಾಕೆಟ್ ಮತ್ತೆ ಬಂದೇ ಬರ್ತಾನೆ. ಕೊಟ್ಟ ಮಾತು ಉಳಿಸಿಕೊಳ್ಳೋ ಆ ನನ್ನ ಗಂಡನ್ನ ನಾನೂ ಒಂದ್ಸಲ ಕಣ್ತುಂಬ ನೋಡಬೇಡ್ವೇ?